ಅಮ್ಮನ ಅಳತೆ

ಭಾನುವಾರ, ಮಾರ್ಚ್ ೧೪
ಮುಂದಿನ ಕೋಣೆ, ಕಿಟಕಿಯ ಪಕ್ಕದ ಮೇಜು

ನನ್ನ ಚಿನಕುರುಳಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಬೆನ್ನಿಗೊಂದು ಗುದ್ದು. ಗುದ್ದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫೋನ್ ಮಾಡುವುದು ಬಿಟ್ಟು ಇವಳೇನು ಕಾಗದ ಬರೆಯುತ್ತಾ ಕೂತಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿ ಗೆದ್ದವರುಂಟೇ? ನಾನು ಒಂದು ವಾಕ್ಯ ಶುರುಮಾಡುವಷ್ಟರಲ್ಲಿ ನೀನೇ ಅದನ್ನು ಮುಗಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಆಫೀಸಿನಲ್ಲಿ ಯಾರೋ ಕರೆದರು ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಅಮ್ಮ ಸಹಿ ಹಾಕಿದ್ದಾಳೋ ಇಲ್ಲವೋ ಅಂತ ಕೊನೆಯ ಪುಟಕ್ಕೆ ಹಾರಬೇಡ. ಹಾರುವುದು ನಿನ್ನ ಕೊಡೆಪುಟ್ಟಿಯ ಕೆಲಸ, ನಿನ್ನದಲ್ಲ.

ನೋಡು, ‘ನಿನ್ನ ಕೊಡೆಪುಟ್ಟಿ’ ಅಂತ ಬರೆದುಬಿಟ್ಟೆ. ಹೋದ ವಾರದವರೆಗೂ ಅವಳು ನನ್ನವಳಾಗಿದ್ದಳು. ಹೊಡೆದುಹಾಕೋಣ ಅಂತ ಪೆನ್ನು ಎತ್ತಿದೆ, ಆಮೇಲೆ ಇರಲಿ ಬಿಡು ಅನ್ನಿಸಿತು.

ನಿನ್ನ ಪಾರ್ಸೆಲ್ ಸೋಮವಾರ ಬಂತು. ನಿಮ್ಮಪ್ಪ ಅದನ್ನು ಬಾಣಂತಿ ಕೋಣೆಯಿಂದ ಮಗು ತಂದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟರು. ಒಳಗೆ ಗೇಮ್ ಆಡುವ ಪೆಟ್ಟಿಗೆ, ಎರಡು ಕಂಟ್ರೋಲರು, ಕಂಪನಿಯ ಒಪ್ಪಿಗೆ ಪತ್ರ, ಅದಕ್ಕೆ ಪಿನ್ನು ಚುಚ್ಚಿದ ನಿನ್ನ ಚೀಟಿ. ಕೊನೆಯವರೆಗೂ ಆಡಿ ನೋಡು ಅಮ್ಮ, ಇವಳು ಕೊಡೆಪುಟ್ಟಿ ಅಲ್ಲ ಅನ್ನಿಸಿದರೆ ಸಹಿ ಹಾಕಬೇಡ, ಯಾಕೆ ಅಂತ ನಾನು ಕೇಳುವುದೂ ಇಲ್ಲ ಅಂತ ಬರೆದಿದ್ದೀಯ. ಕೇಳುವುದಿಲ್ಲವಂತೆ! ಮಾತು ಬಂದ ದಿನದಿಂದ ಯಾಕೆ ಯಾಕೆ ಅಂತ ನನ್ನ ಜೀವ ತಿಂದವಳು ನೀನು.

ಆ ಸಹಿಯ ಮೇಲೆ ಏನೇನು ನಿಂತಿದೆ ಅಂತ ನನಗೆ ಗೊತ್ತು. ಕಂಪನಿಯ ಜೊತೆಗಿನ ಹಳೆಯ ಕರಾರಿನಲ್ಲಿ ನಿಮ್ಮಪ್ಪ ಹಟ ಹಿಡಿದು ಬರೆಸಿದ ಒಂದು ಸಾಲಿನಿಂದ, ಆಟಕ್ಕಾಗಿ ನಾನು ಬಿಡಿಸಿದ ಆ ಹುಡುಗಿಯ ಹೆಸರು, ಫ್ರಾಕು, ಕೊಡೆ ಇವತ್ತಿಗೂ ನನ್ನವು. ಬರುವ ಶುಕ್ರವಾರದೊಳಗೆ ನಾನು ಒಪ್ಪದಿದ್ದರೆ, ನೀನು ಮೂರು ವರ್ಷ ಜೀವ ತೇಯ್ದು ಕಟ್ಟಿದ ಆಟ ಬೇರೆ ಯಾವುದೋ ಹೆಸರಿನಲ್ಲಿ ಅಂಗಡಿಗೆ ಹೋಗುತ್ತದೆ. ಕೊಡೆ ಕಿತ್ತು, ತಲೆಗೊಂದು ಟೋಪಿ ಹಾಕುತ್ತಾರೆ. ನಿಮ್ಮ ಆಫೀಸಿನ ದೊಡ್ಡವರೇ ಫೋನ್ ಮಾಡಿ, ಬೆಣ್ಣೆ ಹಚ್ಚಿದ ದನಿಯಲ್ಲಿ, ಟೋಪಿಯ ಚಿತ್ರವೂ ತಯಾರಾಗಿದೆ ಮೇಡಂ ಅಂತ ತಿಳಿಸಿದರು. ಈ ವಯಸ್ಸಿನಲ್ಲಿ ನನಗೆ ಟೋಪಿ ಹಾಕುವುದು ಅಷ್ಟು ಸುಲಭವಲ್ಲ ಸ್ವಾಮಿ ಅಂದೆ. ಅವರಿಗೆ ಅದು ಹೊಳೆಯಲಿಲ್ಲ. ನಿಮ್ಮಪ್ಪ ಅಡುಗೆಮನೆಯಲ್ಲಿ ನಕ್ಕಿದ್ದು ಮಾತ್ರ ಕೇಳಿಸಿತು.

ಕೊಡೆಪುಟ್ಟಿಯನ್ನು ತ್ರೀಡಿಗೆ ತರುವ ಕೆಲಸ ನನಗೇ ಕೊಟ್ಟರು ಅಂತ ನೀನು ಊಟದ ಮೇಜಿನಲ್ಲಿ ಹೇಳಿದ ದಿನ ನಿನ್ನ ಮುಖ ಹೇಗೆ ಬೆಳಗುತ್ತಿತ್ತು ಅನ್ನುವುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಮೇಲೆ ತಣ್ಣೀರೆರಚಿದವಳು ನಾನು. “ಅವಳಿಗೆ ಬೆನ್ನೇ ಇಲ್ಲ ಕಣೇ, ಇಲ್ಲದ ಬೆನ್ನನ್ನ ಎಲ್ಲಿಂದ ತರ್ತೀಯ?” ಅಂದೆ. “ನೀನು ಬಿಡಿಸಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲಮ್ಮ” ಅಂದೆ ನೀನು. ಉತ್ತರ ಹೊಳೆಯದಿದ್ದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ: ದನಿ ಏರಿಸಿದೆ. ನೀನು ಅರ್ಧ ತಟ್ಟೆ ಬಿಟ್ಟು ಎದ್ದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಮಂಡಿನೋವು, ನಿನ್ನ ಮನೆ ಮಾಲೀಕ, ಹವಾಮಾನ, ಎಲ್ಲದರ ಬಗ್ಗೆಯೂ ಮಾತಾಡಿದ್ದೇವೆ. ನಿನ್ನ ಕೆಲಸದ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚಿಲ್ಲ.

ಬೆನ್ನಿಲ್ಲ ಅಂತ ಯಾಕೆ ಅಂದೆ ಅಂತ ನಿನಗೆ ಗೊತ್ತಿರುವ ಕಥೆಯನ್ನೇ ಮೊದಲು ಹೇಳುತ್ತೇನೆ. ಗೊತ್ತಿಲ್ಲದ್ದು ಆಮೇಲೆ.

ಹೊಲಿಗೆ ಅಂಗಡಿಯ ಮೇಲಿದ್ದ ಆ ಕೋಣೆಯ ಬಗ್ಗೆ ನಿನಗೆ ಎಷ್ಟು ಸಲ ಹೇಳಿದ್ದೇವೋ. ಎರಡು ಮೇಜು, ಒಂದು ಫ್ಯಾನು, ಕೆಳಗಿನಿಂದ ದಿನವಿಡೀ ಹೊಲಿಗೆ ಯಂತ್ರಗಳ ಕಟಕಟ. ಒಂದು ಮೇಜಿನಲ್ಲಿ ನಿಮ್ಮಪ್ಪ ಪ್ರೋಗ್ರಾಮು ಬರೆಯುತ್ತಿದ್ದರು. ಇನ್ನೊಂದರಲ್ಲಿ ನಾನು ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಪುಟ್ಟಿಯನ್ನು ಮಾಡುತ್ತಿದ್ದೆ. ಆಗಿನ ಗೇಮ್ ಯಂತ್ರದ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಪುಟ್ಟಿಯನ್ನು ಒಂದೇ ಕಡೆಗೆ ಬಿಡಿಸಿಕೊಡುತ್ತಿದ್ದೆ. ಅವಳು ತಿರುಗಿ ಓಡಬೇಕಾದಾಗ ನಿಮ್ಮಪ್ಪನ ಪ್ರೋಗ್ರಾಮು ಅದೇ ಚಿತ್ರವನ್ನು ಕನ್ನಡಿಯೊಳಗಿನ ಹಾಗೆ ಮಗುಚಿಬಿಡುತ್ತಿತ್ತು. ಹೀಗಾಗಿ ಬಲಕ್ಕೆ ಓಡುವಾಗ ಕೊಡೆ ಒಂದು ಕೈಯಲ್ಲಿ, ಎಡಕ್ಕೆ ಓಡುವಾಗ ಇನ್ನೊಂದು ಕೈಯಲ್ಲಿ. ಪುಟ್ಟಿ ಎಡಗೈಯವಳೋ ಬಲಗೈಯವಳೋ ಅಂತ ಮಕ್ಕಳು ಕಾಗದ ಬರೆದು ಕೇಳುತ್ತಿದ್ದರು. ಒಂದು ಕೈ ನೋವು ಬಂದರೆ ಇನ್ನೊಂದಕ್ಕೆ ಬದಲಾಯಿಸುತ್ತಾಳೆ ಅಂತ ನಾನು ಉತ್ತರ ಬರೆಯುತ್ತಿದ್ದೆ.

ಗಾಳಿಗೆ ಹಾರಿಹೋದ ಬಟ್ಟೆಗಳನ್ನು ಹಿಡಿದು ಅವರವರ ಮನೆಗೆ ಮುಟ್ಟಿಸುವುದು, ಅದಕ್ಕಾಗಿ ತಾರಸಿಯಿಂದ ತಾರಸಿಗೆ ಹಾರುವುದು, ಬೀಳುವ ಹಾಗಾದರೆ ಕೊಡೆ ಬಿಚ್ಚಿ ತೇಲುವುದು. ಇಷ್ಟೇ ಆಟ. ಈ ಇಷ್ಟೇ ಆಟ ಐದು ಭಾಗ ಬಂತು, ನಿನ್ನ ಶಾಲೆ ಕಾಲೇಜಿನ ಖರ್ಚು ತೂಗಿಸಿತು. ನೀನು ಹಲ್ಲುಜ್ಜುವ ಮೊದಲೇ ಅದರ ಮುಂದೆ ಕೂತುಬಿಡುತ್ತಿದ್ದೆ. ಪುಟ್ಟಿ ಯಾಕೆ ಯಾವತ್ತೂ ನಮ್ಮ ಕಡೆ ನೋಡಲ್ಲ ಅಂತ ಒಂದು ದಿನ ಕೇಳಿದೆ. ಅವಳಿಗೆ ಪುರುಸೊತ್ತಿಲ್ಲ, ಬಟ್ಟೆ ಹಾರಿಹೋಗ್ತಿದೆ ನೋಡು ಅಂದೆ. ನೀನು ಒಪ್ಪಿಕೊಂಡೆ. ಅಪರೂಪ ಅದು.

ಎಲ್ಲರೂ ಹೊಗಳುತ್ತಿದ್ದದ್ದು ನನ್ನ ಕಣ್ಣಳತೆಯನ್ನು. ಸ್ಕೇಲು ಮುಟ್ಟದೆ ಬಿಡಿಸುತ್ತಿದ್ದೆ. ಹೆಬ್ಬೆರಳು ಮುಂದೆ ಚಾಚಿ, ಎಡಗಣ್ಣು ಮುಚ್ಚಿ, ಎದುರಿನ ಕಟ್ಟಡ ಇಷ್ಟು ಚೌಕ ಎತ್ತರ ಅಂತ ಹೇಳಿದರೆ ಅಷ್ಟೇ ಇರುತ್ತಿತ್ತು. ಕೆಳಗಿನ ಟೈಲರ್ ಕೂಡ ಒಂದು ಸಲ ಮೇಲೆ ಬಂದು, ಮೇಡಂ ಇಂಥ ಕಣ್ಣಳತೆ ನಮ್ಮ ಅಂಗಡಿಯಲ್ಲಿ ಯಾರಿಗೂ ಇಲ್ಲ ಅಂದಿದ್ದರು. ನನಗೆ ಹಿಗ್ಗೋ ಹಿಗ್ಗು.

ಆಮೇಲೆ ಕಂಪನಿಯವರು ಬೇರೆ ಯಾರ ಕೈಯಲ್ಲೋ ಆರನೆಯದನ್ನು ಮಾಡಿಸಿದರಲ್ಲ, ನೀನು ಕಾಲೇಜಿನಲ್ಲಿದ್ದಾಗ, ಆ ಮೊದಲ ತ್ರೀಡಿ ಪ್ರಯತ್ನ. ಆಗ ಕರಾರಿನ ಸಾಲು ನೆನಪಾಗದೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ. ಮನೆಗೆ ಒಂದು ಪ್ರತಿ ಕಳಿಸಿದರು. ನಿಮ್ಮಪ್ಪ ಹೊರಗೆ ಹೋಗಿದ್ದಾಗ ಒಬ್ಬಳೇ ಕೂತು ಆಡಿದೆ. ಮೊದಲ ತಾರಸಿಯಿಂದ ಎರಡನೆಯದಕ್ಕೆ ಹಾರಿದೆ, ಬಿದ್ದೆ. ಹಾರಿದೆ, ಬಿದ್ದೆ. ಎದುರಿನ ತಾರಸಿ ಎಷ್ಟು ದೂರ ಇದೆ ಅಂತಲೇ ತಿಳಿಯದು. ಅಂಗೈ ಬೆವರಿ ಕಂಟ್ರೋಲರು ಜಾರತೊಡಗಿತು. ನಾನು ಹುಟ್ಟಿಸಿದ ಮಗುವನ್ನು ಒಂದು ಗೋಡೆ ದಾಟಿಸಲು ನನ್ನಿಂದ ಆಗಲಿಲ್ಲ. ತಿಂಗಳೊಳಗೆ ಪತ್ರಿಕೆಗಳಲ್ಲಿ ಆ ಆಟವನ್ನು ಹಿಗ್ಗಾಮುಗ್ಗಾ ಬೈದರು, ಅಂಗಡಿಯವರು ವಾಪಸು ಕಳಿಸಿದರು. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೇ? ನಾನು ಯಾಕೆ ಬಿದ್ದೆ ಅಂತ ಇನ್ನು ಯಾರೂ ಕೇಳುವ ಹಾಗಿರಲಿಲ್ಲ. ಆಟ ಕೆಟ್ಟದ್ದು ಅಂತ ನಾನೂ ಎಲ್ಲರ ಜೊತೆ ಸೇರಿ ಬೈದೆ. ಕೊಡೆಪುಟ್ಟಿಗೆ ಎರಡೇ ಆಯಾಮ ಸಾಕು, ಮೂರನೆಯದು ಅವಳ ಜಾಯಮಾನಕ್ಕೆ ಒಗ್ಗುವುದಿಲ್ಲ ಅಂತ ಅವತ್ತಿನಿಂದ ಸಿದ್ಧಾಂತ ಹೊಸೆದುಕೊಂಡು ಕೂತವಳು ನಾನು.

ಹೋದ ವರ್ಷ ನಿಮ್ಮಪ್ಪ ನಿನ್ನ ಜೊತೆ ಫೋನಿನಲ್ಲಿ ಮಾತಾಡಿ ಬಂದು ಪೆಚ್ಚಾಗಿ ಕೂತರು. ಆಟ ಪರೀಕ್ಷೆ ಮಾಡಲು ಬಂದವರೆಲ್ಲ ಧೊಪ್ ಧೊಪ್ ಅಂತ ಬೀಳುತ್ತಿದ್ದಾರಂತೆ, ಹಾರುವುದನ್ನೇ ತೆಗೆದು ಬರೀ ಓಡಿಸಿದರೆ ಸಾಕು ಅಂತ ದೊಡ್ಡವರು ಹೇಳುತ್ತಿದ್ದಾರಂತೆ ಅಂದರು. ನಾನು ಬಟ್ಟೆ ಮಡಚುತ್ತಿದ್ದೆ. ನಾನು ಹೇಳಿರಲಿಲ್ಲವೇ ಅನ್ನುವ ಮುಖ ಮಾಡಿಕೊಂಡು ಮಡಚುತ್ತಲೇ ಇದ್ದೆ. ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದೆ. ಕೆಲವು ದಿನ ಬಿಟ್ಟು ನಿಮ್ಮಪ್ಪ ಕುಣಿಯುತ್ತಾ ಬಂದರು. ತೊಂದರೆ ಬಗೆಹರಿಯಿತಂತೆ, ಹೇಗೆ ಅಂತ ಕೇಳಿದರೆ ‘ಮನೆಯಲ್ಲಿ ಕಲಿತದ್ದು’ ಅಂದೆಯಂತೆ. ತಮ್ಮಿಂದ ಕಲಿತದ್ದು ಅಂತ ಅವರು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದರು. ನಾನೂ ಹಾಗೇ ಅಂದುಕೊಂಡೆ. ಪ್ರೋಗ್ರಾಮಿನ ಚಾಕಚಕ್ಯತೆ ಏನೋ ಇರಬೇಕು, ನನಗೇನು ಅಂತ ಸುಮ್ಮನಾದೆ.

ಈಗ ಈ ವಾರದ ಕಥೆಗೆ ಬರುತ್ತೇನೆ.

ಸೋಮವಾರ, ಮಂಗಳವಾರ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬುಧವಾರ ಊಟವಾದ ಮೇಲೆ ನಿಮ್ಮಪ್ಪ ಪರದೆ ಎಳೆದು, ಟಿವಿಗೆ ವೈರು ಸಿಕ್ಕಿಸಿ, ಒಂದು ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿದರು. ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಿ ಬಂದಳು.

ನಮಗೆ ಬೆನ್ನು ಹಾಕಿಕೊಂಡು ಬಂದಳು ಕಣೇ. ಫ್ರಾಕಿನ ಹಿಂದಿನ ಗುಂಡಿಗಳಲ್ಲಿ ಒಂದನ್ನು ತಪ್ಪು ತೂತಿಗೆ ಹಾಕಿಕೊಂಡು, ಒಂದು ಕಡೆ ಸೊಟ್ಟಗೆ ಎತ್ತಿದ ಹಾಗೆ. ನನಗೆ ನಗು ತಡೆಯಲಾಗಲಿಲ್ಲ. ಗಾಳಿಯ ಹಿಂದೆ ಓಡುವ ಹುಡುಗಿಗೆ ಗುಂಡಿ ಸರಿಯಾಗಿ ಹಾಕಿಕೊಳ್ಳಲು ಹೊತ್ತೆಲ್ಲಿ? ಇಷ್ಟು ವರ್ಷ ಅವಳ ಬೆನ್ನಿನ ಮೇಲೆ ಇದೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ ಅನ್ನಿಸಿಬಿಟ್ಟಿತು. ಮೊದಲು ಬರೆದ ಆ ಗುದ್ದು ಅದಕ್ಕೆ.

ನಡಿಗೆ ನೋಡಿದೆ. ನಾಲ್ಕನೆಯ ಹೆಜ್ಜೆಗೆ ಒಂದು ಸಣ್ಣ ಕುಪ್ಪಳಿಕೆ. ಅದು ನನ್ನ ತಪ್ಪು, ನಿನಗೆ ಗೊತ್ತಿದೆಯೋ ಇಲ್ಲವೋ. ಒಂದು ಚಿತ್ರವನ್ನು ಒಂದು ಚೌಕ ಮೇಲೆ ಬಿಡಿಸಿಬಿಟ್ಟಿದ್ದೆ, ತಿದ್ದಲು ಸಮಯವಿರಲಿಲ್ಲ. ಜನ ಅದನ್ನೇ ಪುಟ್ಟಿಯ ನಡಿಗೆ ಅಂದರು. ಮೂರು ಆಯಾಮಕ್ಕೆ ಬರುವಾಗ ಆ ತಪ್ಪನ್ನು ಜೋಪಾನವಾಗಿ ಎತ್ತಿಕೊಂಡು ಬಂದಿದ್ದೀಯ. ಇನ್ನು ಕೊಡೆ. ಅವಳು ಎಡಗೈಯವಳೋ ಬಲಗೈಯವಳೋ ಈಗ ಸಿಕ್ಕಿಬೀಳುತ್ತಾಳೆ ಅಂತ ನಾವಿಬ್ಬರೂ ಮುಂದಕ್ಕೆ ಬಾಗಿ ಕೂತೆವು. ತಿರುಗುವಾಗ ಕೊಡೆಯನ್ನು ಗಾಳಿಯಲ್ಲಿ ಎಸೆದು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು! ನಿಮ್ಮಪ್ಪ ಚಪ್ಪಾಳೆ ಹೊಡೆದರು. ಜಾಗ ಸಾಲದೆ ಅವರು ಮಾಡಿದ ಕನ್ನಡಿ ಉಪಾಯಕ್ಕೆ ಇಂಥ ಬಹುಮಾನ ಸಿಕ್ಕಿದ್ದನ್ನು ನೋಡಿ ಅವರು ಮುಖ ಆಚೆ ತಿರುಗಿಸಿ ಕೆಮ್ಮಿದರು. ನೆಗಡಿ ಅಂದರು.

ಆಮೇಲೆ ಮೊದಲ ಹಾರಾಟ ಬಂತು. ನನ್ನ ಅಂಗೈ ಬೆವರಿತು. ಹಾರಿದೆ. ನಿಂತೆ. ಇನ್ನೊಂದು ಹಾರಿದೆ, ನೀರಿನ ತೊಟ್ಟಿಯ ಮೇಲೆ ಸರಿಯಾಗಿ ನಿಂತೆ. ಮೂರನೆಯದು ಬಟ್ಟೆ ಒಣಹಾಕುವ ಕಂಬದ ತುದಿ, ಅಂಗೈಯಷ್ಟು ಜಾಗ. ಅದರ ಮೇಲೂ ನಿಂತೆ! ನಿಮ್ಮಪ್ಪ ಇನ್ನೊಂದು ಕಂಟ್ರೋಲರು ತೆಗೆದುಕೊಂಡು ನಾನೂ ನೋಡೇಬಿಡ್ತೀನಿ ಅಂತ ಇಳಿದರು. ಧೊಪ್. ಮತ್ತೆ ಧೊಪ್. ಅದು ಹೇಗೆ ಹಾರ್ತಿದ್ದೀಯ ಮಾರಾಯ್ತಿ ಅಂತ ಕೇಳಿದರು. ಕಣ್ಣಳತೆ ರೀ, ಕಣ್ಣಳತೆ ಅಂದೆ. ಗುರುವಾರವೂ ಹಾರಿದೆ, ಶುಕ್ರವಾರವೂ ಹಾರಿದೆ. ಔಷಧಿ ತರಲು ಹೋದಾಗ ಅಂಗಡಿಯವರಿಗೂ ಹೇಳಿಬಂದೆ, ನನ್ನ ಮಗಳು ಮಾಡಿದ ಆಟದಲ್ಲಿ ನಾನು ಐದನೆಯ ಹಂತ ತಲುಪಿದೆ ಅಂತ. ಅವರು ಮಾತ್ರೆ ಎಣಿಸುವುದು ಬಿಟ್ಟು ಪೂರ್ತಿ ಕೇಳಬೇಕಾಯಿತು, ಪಾಪ.

ನಿನ್ನೆ, ಶನಿವಾರ, ‘ಸಂಜೆಯ ತಾರಸಿಗಳು’ ಅನ್ನುವ ಹಂತಕ್ಕೆ ಬಂದೆ. ಎಂಥ ಬಣ್ಣ ಹಾಕಿದ್ದೀಯೇ! ಸೂರ್ಯ ಒಂದು ಪಕ್ಕಕ್ಕೆ ಇಳಿದಿದ್ದಾನೆ, ತೊಟ್ಟಿಗಳ ನೆರಳು, ಹಗ್ಗದ ಮೇಲಿನ ಬಟ್ಟೆಗಳ ನೆರಳು ಎಲ್ಲ ಉದ್ದುದ್ದಕ್ಕೆ ಚಾಚಿಕೊಂಡಿವೆ. ಆದರೆ ಪುಟ್ಟಿಯ ನೆರಳು ಮಾತ್ರ ಕೊಡೆಯಷ್ಟೇ ಅಗಲಕ್ಕೆ, ದುಂಡಗೆ, ಅವಳ ಕಾಲಿನ ಕೆಳಗೇ ಇದೆ. ಇಳಿಬಿಸಿಲಿನಲ್ಲಿ ಮಟಮಟ ಮಧ್ಯಾಹ್ನದ ನೆರಳು! ಸಿಕ್ಕಿಬಿದ್ದಳು ಕಳ್ಳಿ ಅಂತ ಕೂಗಿದೆ. ಮೂರು ವರ್ಷ, ಅಷ್ಟು ಜನ, ಅಷ್ಟು ಕಂಪ್ಯೂಟರು, ನೆರಳು ಎತ್ತ ಬೀಳುತ್ತದೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲವೇ? ಸಹಿ ಹಾಕದಿರಲು ಒಂದು ಒಳ್ಳೆಯ ಕಾರಣ ಸಿಕ್ಕಿತು ಅಂತ ಒಂದು ಗಳಿಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಇದನ್ನು ಸರಿಮಾಡಲು ಬರುತ್ತದೆಯೋ ನೋಡೋಣ ಅಂತ ಸೆಟ್ಟಿಂಗ್ಸಿಗೆ ಹೋದೆ. ಶಬ್ದ, ಬೆಳಕು, ಅಕ್ಷರದ ಗಾತ್ರ. ಅದರ ಕೆಳಗೆ ಇನ್ನೊಂದು ಸಾಲು:

ಅಮ್ಮನ ಅಳತೆ: ಇರಲಿ / ಬೇಡ

‘ಇರಲಿ’ ಅನ್ನುವುದರ ಮೇಲೆ ಗುರುತಿತ್ತು. ಇದೇನು ಅಂತ ನಿಮ್ಮಪ್ಪನನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ‘ಬೇಡ’ ಅಂತ ಒತ್ತಿ ಆಟಕ್ಕೆ ವಾಪಸು ಬಂದೆ. ಪುಟ್ಟಿಯ ಕಾಲಡಿಯ ದುಂಡನೆಯ ನೆರಳು ಮಾಯವಾಗಿ, ಉಳಿದೆಲ್ಲದರ ಹಾಗೆ ಉದ್ದಕ್ಕೆ ಪಕ್ಕಕ್ಕೆ ಬಿದ್ದಿತ್ತು. ಈಗ ಸರಿಯಾಯಿತು ಅಂದುಕೊಂಡು ಹಾರಿದೆ. ಬಿದ್ದೆ. ಹಾರಿದೆ, ಬಿದ್ದೆ. ಅದೇ ಹಳೆಯ ಬೀಳುವಿಕೆ, ಅದೇ ಬೆವರು. ಇಷ್ಟು ದಿನ ನಾನು ತಾರಸಿಯನ್ನು ನೋಡಿ ಹಾರುತ್ತಲೇ ಇರಲಿಲ್ಲ, ನೆರಳು ಎಲ್ಲಿದೆ ಅಂತ ನೋಡಿ ಇಳಿಯುತ್ತಿದ್ದೆ. ಗೊತ್ತಿಲ್ಲದೆಯೇ. ನಿಮ್ಮಪ್ಪ ತಾರಸಿಯನ್ನೇ ನೋಡುತ್ತಿದ್ದರು, ಅದಕ್ಕೇ ಬೀಳುತ್ತಿದ್ದರು. ಮತ್ತೆ ಸೆಟ್ಟಿಂಗ್ಸಿಗೆ ಹೋಗಿ ‘ಇರಲಿ’ ಒತ್ತಿದೆ. ಕಂಟ್ರೋಲರು ಕೆಳಗಿಟ್ಟೆ. ನಿಮ್ಮಪ್ಪ ನನ್ನ ಮುಖ ನೋಡಿ ಟಿವಿಯ ಶಬ್ದ ಕಡಿಮೆ ಮಾಡಿದರು.

ನನ್ನ ಎಡಗಣ್ಣು ಕಾಣುವುದಿಲ್ಲ ಮಗಳೇ.

ಬರೆದಾಯಿತು ನೋಡು. ಎಷ್ಟು ಚಿಕ್ಕ ಸಾಲು! ಹುಟ್ಟಿದಾಗಿನಿಂದಲೂ ಆ ಕಣ್ಣು ಸೋಮಾರಿ. ಬೆಳಕಿದೆ, ಕತ್ತಲಿದೆ ಅಂತ ವರದಿ ಒಪ್ಪಿಸುತ್ತದೆ, ಅದಕ್ಕಿಂತ ಹೆಚ್ಚಿನ ಕೆಲಸ ಮಾಡುವುದಿಲ್ಲ. ನೋಡುವವರಿಗೆ ಇನ್ನೊಂದರ ಹಾಗೆಯೇ ಕಾಣುತ್ತದೆ, ಹೊಳೆಯುತ್ತದೆ, ಅಳು ಬಂದಾಗ ಅದೂ ಅಳುತ್ತದೆ. ನಿನ್ನ ಅಜ್ಜಿ ಚಿಕ್ಕಂದಿನಲ್ಲಿ ಒಳ್ಳೆಯ ಕಣ್ಣಿಗೆ ಬಟ್ಟೆ ಕಟ್ಟಿ ಇದನ್ನು ದುಡಿಸಲು ನೋಡಿದರು. ನಾನು ಬಾಗಿಲಿಗೆ ಹೋಗಿ ಗುದ್ದಿಕೊಂಡೆ, ಅವರು ಕೈಬಿಟ್ಟರು. ಕೆಲಸಕ್ಕೆ ಸೇರುವಾಗ ಹೇಳಲಿಲ್ಲ. ಒಕ್ಕಣ್ಣಿನ ಚಿತ್ರಗಾರ್ತಿ ಬೇಕಾಗಿದ್ದಾಳೆ ಅಂತ ಯಾರಾದರೂ ಜಾಹೀರಾತು ಕೊಡುತ್ತಾರೆಯೇ? ಆಮೇಲೆ ಜನ ಕಣ್ಣಳತೆ ಕಣ್ಣಳತೆ ಅಂತ ಹೊಗಳತೊಡಗಿದರು, ಹೇಳುವುದಕ್ಕೆ ಮನಸ್ಸೇ ಬರಲಿಲ್ಲ. ಅಳೆಯುವಾಗ ಎಡಗಣ್ಣು ಮುಚ್ಚುವುದು ಕಲಾವಿದರ ಗತ್ತು ಅಂತ ಎಲ್ಲರೂ ತಿಳಿದರು. ಮುಚ್ಚಿದರೂ ತೆರೆದರೂ ನನಗೆ ಒಂದೇ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಬರೀ ಜಂಬ. ನನ್ನ ಮಗಳ ಎದುರು ನಾನು ಎಲ್ಲ ಬಲ್ಲವಳಾಗಿರಬೇಕಿತ್ತು. ನೀನು ಚೆಂಡು ತಂದರೆ, ಚೆಂಡಾಟ ಕೆಲಸವಿಲ್ಲದವರಿಗೆ ಅಂದೆ. ಗಾಡಿ ಕಲಿ ಅಂದರೆ, ನಿಮ್ಮಪ್ಪ ಇರುವಾಗ ನನಗೇಕೆ ಅಂದೆ. ಸೂಜಿಗೆ ದಾರ ಪೋಣಿಸುವುದು ಈ ಮನೆಯಲ್ಲಿ ಗಂಡಸರ ಕೆಲಸ ಅಂತ ನಿನ್ನನ್ನು ನಂಬಿಸಿದ್ದೆ, ನೀನು ಅದನ್ನು ಶಾಲೆಯಲ್ಲಿ ಹೇಳಿ ನಗೆಪಾಟಲಾಗಿ ಬಂದೆ. ನಗಬೇಡ.

ನಿಮ್ಮಪ್ಪನಿಗೆ ಕಣ್ಣಿನ ವಿಷಯ ಮದುವೆಗೆ ಮುಂಚೆಯೇ ಗೊತ್ತು. ನೀವೇ ಹೇಳಿದ್ದಲ್ವಾ ಅಂತ ನಿನ್ನೆ ಜಬರಿಸಿದೆ. ಇಲ್ಲ ಅಂದರು, ನಂಬಿದೆ. ಯಾಕೆಂದರೆ ನೆರಳಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ತುಂಬಿದ ಲೋಟವನ್ನು ಮೇಜಿನ ಮೇಲೆ ಇಡುವಾಗ ಮೇಜು ಎಷ್ಟು ಕೆಳಗಿದೆ ಅಂತ ನನಗೆ ತಿಳಿಯುವುದಿಲ್ಲ. ಲೋಟದ ನೆರಳು ಮೇಜಿನ ಮೇಲೆ ಹತ್ತಿರ ಹತ್ತಿರ ಬರುತ್ತದೆ, ಲೋಟವೂ ನೆರಳೂ ಒಂದಕ್ಕೊಂದು ತಾಗಿದಾಗ ಕೈ ಬಿಡುತ್ತೇನೆ. ಸದ್ದೇ ಆಗುವುದಿಲ್ಲ. ಎಷ್ಟು ನಾಜೂಕಾಗಿ ಇಡ್ತಾರೆ ಅಂತ ನೆಂಟರು ಹೊಗಳಿದ್ದೂ ಉಂಟು. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳುವಂಥ ವಿಷಯ ಅಂತ ನನಗೇ ಅನ್ನಿಸಿರಲಿಲ್ಲ.

ನೀನು ಯಾವಾಗ ನೋಡಿದೆಯೇ? ನಿನ್ನೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಮೇಜಿನ ಅಂಚಿಗೆ ಗಲ್ಲ ಊರಿಕೊಂಡು, ಕುರ್ಚಿ ಕೊಟ್ಟರೂ ಬೇಡ ಅಂತ ನಿಂತುಕೊಂಡೇ ಹಾಲಿಗೆ ಕಾಯುತ್ತಿದ್ದ ಮಗು ನೆನಪಾಯಿತು. ಇವತ್ತು ಬೆಳಿಗ್ಗೆ ಮಂಡಿನೋವನ್ನೂ ಲೆಕ್ಕಿಸದೆ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು, ಗಲ್ಲ ಅಂಚಿಗೆ ಇಟ್ಟು, ನಿಮ್ಮಪ್ಪನಿಗೆ ಲೋಟ ಇಳಿಸಿ ಅಂದೆ. ಲೋಟದ ತಳಕ್ಕೂ ನೆರಳಿಗೂ ನಡುವಿನ ಸಂದು ಅಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತದೆ! ಆ ಎತ್ತರದಲ್ಲಿ ನಿಂತು ನೀನು ನನ್ನ ಕೈಯನ್ನೂ ನೋಡಿದ್ದೀಯ, ಕಣ್ಣನ್ನೂ ನೋಡಿದ್ದೀಯ. ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿ ಬಿಡದೆ ನನ್ನ ಜಂಬವನ್ನು ಕಾಪಾಡಿಕೊಂಡು ಬಂದಿದ್ದೀಯ. ಬಾಯಿಬಡುಕಿ ಅಂತ ನಿನ್ನನ್ನು ಕರೆಯುತ್ತಿದ್ದೆನಲ್ಲ, ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಂಡೆ.

ಮೂರು ವರ್ಷದ ಹಿಂದೆ ಬೆನ್ನು ಗಿನ್ನು ಅಂತ ನಾನು ಆಡಿದ್ದೆಲ್ಲ ನೆಪ. ನನ್ನ ಪುಟ್ಟಿಯನ್ನು ನನ್ನ ಮಗಳು ನಾನು ಬರಲಾಗದ ಜಾಗಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ ಅನ್ನುವ ಭಯ ಅದು. ಅಲ್ಲಿ ನನಗೆ ಕಾಲಿಡಲು ಬರುವುದಿಲ್ಲ, ದಡದಲ್ಲಿ ನಿಂತು ಕೈಬೀಸಬೇಕು ಅಂದುಕೊಂಡಿದ್ದೆ. ನೀನು ಮೊದಲು ನನಗೆ ದಾರಿ ಮಾಡಿ, ಆಮೇಲೆ ಲೋಕವನ್ನು ಆ ದಾರಿಯಲ್ಲಿ ಬಿಟ್ಟಿದ್ದೀಯ. ಎರಡು ಕಣ್ಣಿರುವವರೂ ಆ ಚಪ್ಪಟೆ ಪರದೆಯ ಮುಂದೆ ನನ್ನಂತೆಯೇ ತಡವರಿಸುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇನ್ನು ಅವರೆಲ್ಲ, ಎಲ್ಲೆಲ್ಲಿಯವರೋ, ನಾನು ಲೋಟ ಇಡುವ ಹಾಗೆ ಪುಟ್ಟಿಯನ್ನು ತಾರಸಿಯ ಮೇಲೆ ಇಳಿಸುತ್ತಾರೆ. ನನಗೆ ಹೆಮ್ಮೆಯಿಂದ ಎದೆ ಬಿರಿಯುತ್ತಿದೆ ಕಣೇ. ನನ್ನ ಬಗ್ಗೆ ಸ್ವಲ್ಪ, ನಿನ್ನ ಬಗ್ಗೆ ಬಹಳ. ಐದು ಆಟ ಮಾಡಿದಾಗಲೂ ನನಗೆ ಹೀಗಾಗಿರಲಿಲ್ಲ. ಬೆಳಿಗ್ಗೆಯಿಂದ ಮನೆ ತುಂಬ ಸುಮ್ಮಸುಮ್ಮನೆ ಓಡಾಡುತ್ತಿದ್ದೇನೆ, ನಿಮ್ಮಪ್ಪ ಕೂತ್ಕೋ ಮಾರಾಯ್ತಿ ಅಂತ ಬೇಡಿಕೊಳ್ಳುತ್ತಿದ್ದಾರೆ.

ಹಾಗಂತ ಎಲ್ಲ ಸರಿಯಿದೆ ಅಂತಲ್ಲ. ಕೊಡೆಗೆ ಎಂಟು ಕಡ್ಡಿ ಇರಬೇಕು, ನೀನು ಆರು ಹಾಕಿದ್ದೀಯ. ಮೂರನೆಯ ಹಂತದ ಬೆಕ್ಕು ಇಲಿಯ ಹಾಗೆ ಓಡುತ್ತದೆ. ಗೋಡೆಯ ಮೂಲೆಗೆ ಹೋದರೆ ಕ್ಯಾಮೆರಾ ಈಗಲೂ ಹುಚ್ಚು ಹಿಡಿದ ಹಾಗೆ ಸುತ್ತುತ್ತದೆ. ಬೆಕ್ಕನ್ನಾದರೂ ಬಿಡುಗಡೆಗೆ ಮುಂಚೆ ಸರಿಮಾಡು, ನನ್ನ ಮರ್ಯಾದೆಯ ಪ್ರಶ್ನೆ. ಇಳಿಬಿಸಿಲಿನ ಆ ಮಧ್ಯಾಹ್ನದ ನೆರಳನ್ನು ಮಾತ್ರ ಮುಟ್ಟಬೇಡ. ತಪ್ಪು ಅಂತ ಯಾವನಾದರೂ ಪತ್ರಿಕೆಯಲ್ಲಿ ಬರೆದರೆ ನನ್ನ ವಿಳಾಸ ಕೊಡು.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. ಹೆಸರು ಅವಳದೇ, ಫ್ರಾಕು ಅವಳದೇ, ಕೊಡೆ ಅವಳದೇ. ಟೋಪಿಯನ್ನು ನಿಮ್ಮ ದೊಡ್ಡವರೇ ಹಾಕಿಕೊಳ್ಳಲಿ. ‘ಚಿತ್ರ’ ಅನ್ನುವ ಕಡೆ ನನ್ನೊಬ್ಬಳ ಹೆಸರು ಹಾಕಿದ್ದರು, ಅದನ್ನು ಹೊಡೆದು ‘ತಾಯಿ ಮತ್ತು ಮಗಳು’ ಅಂತ ತಿದ್ದಿ ಅದರ ಪಕ್ಕದಲ್ಲೂ ಒಂದು ಸಹಿ ಹಾಕಿದ್ದೇನೆ. ಅದಕ್ಕೆ ಒಪ್ಪದಿದ್ದರೆ ಮೊದಲ ಸಹಿಯೂ ಇಲ್ಲ ಅಂತ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮುಂದಿನ ಸಲ ಬಂದಾಗ ಒಂದು ಚೆಂಡು ತಾ.

ಕೊಡೆಪುಟ್ಟಿಯನ್ನು ಬಿಡಿಸಿ, ನಿನ್ನನ್ನು ಹೆತ್ತು, ಎರಡಕ್ಕೂ ಇವತ್ತು ಬೀಗುತ್ತಿರುವ
ನಿನ್ನ ಅಮ್ಮ

ಮಡಚುವ ಮುಂಚೆ ಇನ್ನೊಂದು ಮಾತು: ಪುಟ್ಟಿ ಯಾಕೆ ನಮ್ಮ ಕಡೆ ನೋಡಲ್ಲ ಅಂತ ನೀನು ಕೇಳಿದ್ದಕ್ಕೆ ಪುರುಸೊತ್ತಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು. ಪಕ್ಕದಿಂದ ಬಿಡಿಸಿದರೆ ಯಾರಿಗಾದರೂ ಒಂದೇ ಕಣ್ಣು. ಎದುರಿನಿಂದ ಬಿಡಿಸಿದರೆ ಎರಡನೆಯದನ್ನೂ ಬಿಡಿಸಬೇಕಿತ್ತು, ನನಗೆ ಧೈರ್ಯ ಬರಲಿಲ್ಲ. ಇವತ್ತು ಮಧ್ಯಾಹ್ನ ಕಂಟ್ರೋಲರು ಸೋಫಾದ ಮೇಲೆ ಬಿಟ್ಟು ಚಹಾ ತರಲು ಹೋಗಿದ್ದೆ. ಬರುವಷ್ಟರಲ್ಲಿ ಪುಟ್ಟಿ ಕಾದು ಕಾದು ಬೇಜಾರಾಗಿ ಈ ಕಡೆ ತಿರುಗಿ ನಿಂತಿದ್ದಳು. ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಎರಡೂ ಕಣ್ಣು ಅಗಲಿಸಿ ನನ್ನನ್ನು ನೋಡಿದಳು. ಆಮೇಲೆ ಹೆಬ್ಬೆರಳು ಮುಂದೆ ಚಾಚಿ, ಎಡಗಣ್ಣು ಮುಚ್ಚಿ, ನನ್ನನ್ನು ಅಳೆದಳು. ಎಷ್ಟು ಬಂತಂತೆ? ಕೇಳಿ ತಿಳಿಸು.